ಕೀಲಿನೊಳಗಿನ ಕೋಶಗಳು ಕಾಯುವುದಿಲ್ಲ
ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರ ಅವಗಾಹನೆಗೆ,

ಬೆಳಗಿನ ಹೊತ್ತು ಬೆರಳ ಗಿಣ್ಣುಗಳು ಊದಿ ಬಿಗಿದುಕೊಂಡು, ಗಂಟೆ ಕಳೆದರೂ ಸಡಿಲವಾಗದ ರೋಗಿಗಳನ್ನು ವಾಯುವೆಂದೋ ವಯಸ್ಸಿನ ಸವೆತವೆಂದೋ ತಿಳಿದು ನೋವಿನ ಮಾತ್ರೆ ಕೊಟ್ಟು ಕಳುಹಿಸುವ ರೂಢಿ ಎಷ್ಟು ಹಾನಿಕರ ಎಂಬುದು, ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನೊಳಗೆ ಏನು ನಡೆಯುತ್ತದೆಂದು ಅರಿತಾಗ ಸ್ಪಷ್ಟವಾಗುತ್ತದೆ. ಈ ರೋಗಿಗಳಲ್ಲಿ ಮಹಿಳೆಯರೇ ಹೆಚ್ಚು.

ಕೀಲಿನ ಒಳಮೈಯನ್ನು ಹೊದ್ದಿರುವ ತೆಳುವಾದ ಸೈನೋವಿಯಲ್ ಪೊರೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಜೀವಕೋಶಗಳಿವೆ: ಕಸವನ್ನು ನುಂಗಿ ಶುಚಿಗೊಳಿಸುವ ಮ್ಯಾಕ್ರೋಫೇಜ್‌ಗಳು ಮತ್ತು ಕೀಲು ಸರಾಗವಾಗಿ ಆಡಲು ಬೇಕಾದ ಜಾರುದ್ರವವನ್ನು ಸ್ರವಿಸುವ ಫೈಬ್ರೋಬ್ಲಾಸ್ಟ್‌ಗಳು. ಈ ರೋಗದಲ್ಲಿ ದೇಹದ ರಕ್ಷಣೆಗೆಂದೇ ಇರುವ ಬಿ ಜೀವಕೋಶಗಳು ದಾರಿ ತಪ್ಪಿ, ದೇಹದ ಸ್ವಂತ ಪ್ರೋಟೀನುಗಳ ಮೇಲೆಯೇ ಪ್ರತಿಕಾಯಗಳು ತಯಾರಾಗುವಂತೆ ಮಾಡುತ್ತವೆ. ಅನೇಕರಲ್ಲಿ ಈ ಪ್ರತಿಕಾಯಗಳು ನೋವು ಕಾಣಿಸುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿರುತ್ತವೆ. ಅದೇ ರಕ್ಷಣಾ ಪಡೆಯ ಟಿ ಜೀವಕೋಶಗಳ ಪ್ರಚೋದನೆಯಿಂದ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಎಂಬ ಉರಿಯೂತಕಾರಕವನ್ನು ಸುರಿಸತೊಡಗುತ್ತವೆ. ಇದನ್ನು ತಡೆದರೆ ರೋಗ ತಗ್ಗುತ್ತದೆಂದು ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಲಂಡನ್ನಿನಲ್ಲಿ 1992ರಲ್ಲಿ ಆರಂಭಿಸಿದ ಚಿಕಿತ್ಸಾ ಪ್ರಯೋಗಗಳು ತೋರಿಸಿಕೊಟ್ಟವು.

ಆದರೆ ಹೆಚ್ಚು ಗಮನಿಸಬೇಕಾದದ್ದು ಫೈಬ್ರೋಬ್ಲಾಸ್ಟ್‌ಗಳನ್ನು. ಉರಿಯೂತದಲ್ಲಿ ಬಹುಕಾಲ ನೆನೆದ ಈ ಕೋಶಗಳು ಸಂಖ್ಯೆಯಲ್ಲಿ ಬೆಳೆದು, ಪ್ಯಾನಸ್ ಎಂದು ಕರೆಯುವ ದಪ್ಪ ಅಂಗಾಂಶವಾಗಿ ಮೃದ್ವಸ್ಥಿಯ ಮೇಲೆ ಹಬ್ಬುತ್ತವೆ, ಕಿಣ್ವಗಳಿಂದ ಅದನ್ನು ಕರಗಿಸುತ್ತವೆ, ಮತ್ತು ಮೂಳೆಯನ್ನು ಕೊರೆಯುವ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹುಟ್ಟಲು ಬೇಕಾದ ಸಂಕೇತವನ್ನೂ ಕಳುಹಿಸುತ್ತವೆ. ರೋಗಿಯ ಕೀಲಿನಿಂದ ತೆಗೆದ ಫೈಬ್ರೋಬ್ಲಾಸ್ಟ್‌ಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಯ ದೇಹದಲ್ಲಿ ಮಾನವ ಮೃದ್ವಸ್ಥಿಯ ಚೂರಿನೊಂದಿಗೆ ಇರಿಸಿದಾಗ, ಪ್ರಚೋದಿಸುವ ಟಿ ಅಥವಾ ಬಿ ಜೀವಕೋಶಗಳಿಲ್ಲದಿದ್ದರೂ ಅವು ಆ ಚೂರನ್ನು ಕೊರೆದವು. ದೂರದಲ್ಲಿ ಇರಿಸಿದ ಇನ್ನೊಂದು ಚೂರಿಗೂ ರಕ್ತದ ಮೂಲಕ ಸಾಗಿ ತಲುಪಿದವೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಒಮ್ಮೆ ಕಲಿತ ಕೆಟ್ಟ ಗುಣವನ್ನು ಈ ಕೋಶಗಳು ಬೇಗನೆ ಬಿಡುವುದಿಲ್ಲ, ಮತ್ತು ಇಂದಿನ ಔಷಧಗಳಲ್ಲಿ ಹೆಚ್ಚಿನವು ರಕ್ಷಣಾ ಕೋಶಗಳನ್ನು ತಣಿಸುತ್ತವೆಯೇ ಹೊರತು ಇವುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಆದ್ದರಿಂದಲೇ ಮೊದಲ ಕೆಲವು ತಿಂಗಳುಗಳಲ್ಲಿ ಆರಂಭವಾಗುವ ಚಿಕಿತ್ಸೆಗೆ ಬೆಲೆ ಹೆಚ್ಚು.

ಮೆಥೊಟ್ರೆಕ್ಸೇಟ್ ಎಂಬ, ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಅಗ್ಗದ ಮಾತ್ರೆ ಹಲವರಿಗೆ ಸಾಕಾಗುತ್ತದೆ; ಸಾಲದಿರುವುದು ರೋಗವನ್ನು ಸಕಾಲದಲ್ಲಿ ಗುರುತಿಸುವ ವ್ಯವಸ್ಥೆ. ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಇದರ ಲಕ್ಷಣಗಳ ತರಬೇತಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೇಲೆ ಹೇಳಿದ ಪ್ರತಿಕಾಯಗಳಲ್ಲಿ ಒಂದಾದ ಆಂಟಿ-ಸಿಸಿಪಿಯ ಉಚಿತ ರಕ್ತಪರೀಕ್ಷೆ ಮತ್ತು ನಿಗದಿತ ದಿನಗಳಲ್ಲಿ ತಜ್ಞರ ಭೇಟಿ ದೊರೆಯುವಂತೆ ಸಚಿವರು ಆದೇಶಿಸಬೇಕೆಂಬುದು ಈ ಪತ್ರದ ವಿನಂತಿ.