ಅಕ್ಕನ ವರದಿ ಮತ್ತು ಗಂಡಿಲಿಗಳು

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಕ್ಕ ರಕ್ತಪರೀಕ್ಷೆಯ ವರದಿಯನ್ನು ನನ್ನ ಮುಂದಿಟ್ಟು, "ನನಗೂ ಥೈರಾಯ್ಡ್ ಬಂತಂತೆ ಕಣೋ, ಇನ್ನು ಸಾಯುವವರೆಗೂ ಮಾತ್ರೆ ನುಂಗಬೇಕಂತೆ" ಎಂದಳು. ಆಕೆಗೀಗ 81. ಟಿ.ಎಸ್.ಎಚ್. 6.1 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಸಾಮಾನ್ಯ ಮಿತಿ 0.4ರಿಂದ 4 ಎಂದಿತ್ತು. ಇಪ್ಪತ್ತೈದರ ಮೊಮ್ಮಗಳ ವರದಿಯಲ್ಲೂ ಅದೇ ಮಿತಿ!

ನನ್ನ ತರಗತಿಯಲ್ಲಿ ಕುಳಿತವರಿಗೆ ಕರಿಹಲಗೆಯ ಚಿತ್ರ ನೆನಪಿರಬಹುದು. ಪಿಟ್ಯುಟರಿಯು ಟಿ.ಎಸ್.ಎಚ್. ಎಂಬ ಆಜ್ಞೆಯನ್ನು ಕಳುಹಿಸುತ್ತದೆ, ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಸುರಿಸುತ್ತದೆ, ಅದು ಸಾಕಷ್ಟಾದಾಗ ಆಜ್ಞೆ ತಗ್ಗುತ್ತದೆ. ಪಕ್ಕದಲ್ಲಿ ಒಂದು ಇಲಿಯನ್ನೂ ಬರೆಯುತ್ತಿದ್ದೆ. ಅದು ಗಂಡೋ ಹೆಣ್ಣೋ, ಎಳೆಯದೋ ಮುದಿಯೋ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನ್ನ ಬೋಧನೆಯ ಲೋಪವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಏಕೆಂದರೆ ಇಲಿಗಳಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಗಂಡಿಲಿಯ ರಕ್ತದಲ್ಲಿ ಟಿ.ಎಸ್.ಎಚ್. ಹೆಣ್ಣಿಲಿಗಿಂತ ಹೆಚ್ಚು. ವೃಷಣಗಳನ್ನು ತೆಗೆದರೆ ಅದು ಇಳಿಯುತ್ತದೆ, ಟೆಸ್ಟೋಸ್ಟಿರಾನ್ ಕೊಟ್ಟರೆ ಮತ್ತೆ ಏರುತ್ತದೆ. ಮುಪ್ಪಿನಲ್ಲಿ ಥೈರಾಕ್ಸಿನ್ ಕುಗ್ಗಿದರೂ ಪಿಟ್ಯುಟರಿಯ ಆಜ್ಞೆ ಅದಕ್ಕೆ ತಕ್ಕಷ್ಟು ಜೋರಾಗುವುದಿಲ್ಲ. ಹೀಗಿದ್ದೂ ದಶಕಗಳ ಕಾಲ ಪ್ರಯೋಗಾಲಯಗಳು ಎಳೆಯ ಗಂಡುಪ್ರಾಣಿಗಳನ್ನೇ ಹೆಚ್ಚಾಗಿ ಆರಿಸಿಕೊಂಡವು. ಹೆಣ್ಣಿಲಿಗೆ ನಾಲ್ಕೈದು ದಿನಗಳ ಋತುಚಕ್ರವಿರುವುದರಿಂದ ಅಂಕಿಗಳು ಏರುಪೇರಾಗುತ್ತವೆ ಎಂಬುದು ಕೊಟ್ಟ ಕಾರಣ. 2014ರಲ್ಲಿ ಚುಂಡಿಲಿಗಳ ಕುರಿತ 293 ಲೇಖನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಹೆಣ್ಣುಗಳ ಏರುಪೇರು ಗಂಡುಗಳಿಗಿಂತ ಹೆಚ್ಚೇನಿಲ್ಲವೆಂದು ತಿಳಿಯಿತು. ಅನುಕೂಲವನ್ನು ನಿಯಮವೆಂದು ಕರೆದಿದ್ದರು, ಅಷ್ಟೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಸಂಶೋಧಕರು ಲಿಂಗಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಿಧಿಸಿದ್ದು 2016ರಲ್ಲಿ.

ಹಾಗೆಂದು ಮುದಿ ಹೆಣ್ಣಿಲಿಯನ್ನು ನೋಡಿ ಅಕ್ಕನಿಗೆ ಮದ್ದು ಬರೆಯಲಾಗದು. ಇಲಿಯಲ್ಲಿ ಥೈರಾಕ್ಸಿನ್ ಒಂದೇ ದಿನದೊಳಗೆ ಅರ್ಧಕ್ಕಿಳಿದರೆ ಮನುಷ್ಯರಲ್ಲಿ ಅದಕ್ಕೆ ಸುಮಾರು ಏಳು ದಿನ ಬೇಕು. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವಂತೆ ಇಲಿಗೆ ನಿಲ್ಲುವುದೂ ಇಲ್ಲ. ಇಲಿಯಿಂದ ಕಲಿಯಬೇಕಾದದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನು: ಈ ಮಿತಿ ಯಾರ ರಕ್ತದಿಂದ ಬಂತು?

2007ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕದಂತೆ 80 ದಾಟಿದವರಲ್ಲಿ ಟಿ.ಎಸ್.ಎಚ್. ಮೇಲ್ಮಿತಿ 7.5ರ ಆಸುಪಾಸಿನಲ್ಲಿರುತ್ತದೆ. 2017ರಲ್ಲಿ ಯುರೋಪಿನಲ್ಲಿ, ಟಿ.ಎಸ್.ಎಚ್. ಮಾತ್ರ ತುಸು ಏರಿದ್ದ 65 ದಾಟಿದ 737 ಮಂದಿಯಲ್ಲಿ ಕೆಲವರಿಗೆ ಥೈರಾಕ್ಸಿನ್, ಉಳಿದವರಿಗೆ ಬರಿಯ ಹುಸಿಮಾತ್ರೆ ಕೊಟ್ಟು ನೋಡಿದಾಗ ಒಂದು ವರ್ಷದ ನಂತರವೂ ಆಯಾಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಮಿತಿಮೀರಿದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬಿಡಬೇಡಿ. ನನ್ನ ಸಹೋದ್ಯೋಗಿಯೊಬ್ಬರು ಬೇಸಿಗೆಯಲ್ಲೂ ಶಾಲು ಹೊದೆಯುತ್ತಿದ್ದರು, ಮುಖ ಬಾತಿತ್ತು, ಮಾತು ನಿಧಾನವಾಗಿತ್ತು. ವಯಸ್ಸಾಯಿತೆಂದು ಮನೆಯವರೂ ನಾವೂ ಎರಡು ವರ್ಷ ಸುಮ್ಮನಿದ್ದೆವು. ಅವರಿಗೆ ಆ ಮಾತ್ರೆಯೇ ಜೀವ ಕೊಟ್ಟಿತು. ಎಲ್ಲವನ್ನೂ ಮುಪ್ಪಿನ ಲೆಕ್ಕಕ್ಕೆ ಹಾಕುವುದೂ ಅದೇ ತಪ್ಪಿನ ಇನ್ನೊಂದು ರೂಪ.

ಅಕ್ಕನನ್ನು ಬೇರೊಬ್ಬ ವೈದ್ಯರ ಬಳಿ ಕರೆದೊಯ್ದೆ. ಅವರು ಆಕೆಯ ವಯಸ್ಸನ್ನು ಕೇಳಿ, ಈಗ ಥೈರಾಯ್ಡ್ ಮಾತ್ರೆ ಬೇಡ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸೋಣ ಎಂದರು. "ಹಾಗಾದರೆ ಈ ಸುಸ್ತು ಯಾತಕ್ಕೆ ಡಾಕ್ಟ್ರೇ?" ಎಂದಳು ಅಕ್ಕ. ಅವರು ವರದಿಯ ಎರಡನೆಯ ಪುಟವನ್ನು ತಿರುಗಿಸಿ ತೋರಿಸಿದರು. ಹಿಮೋಗ್ಲೋಬಿನ್ 8.9. ಆ ಪುಟವನ್ನು ನಾವ್ಯಾರೂ ಓದಿರಲಿಲ್ಲ.