‘ಪಾಪ’ ಅನ್ನುವ ಮೊದಲು ಕಿವಿಗೊಡಿ

ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಹೆಂಗಸರು ಸಾಲಾಗಿ ಕುಳಿತು ಹಾಡುತ್ತ ತೊಟ್ಟು ಮುರಿಯುತ್ತಾರೆ. ಆ ಸಾಲಿನ ತುದಿಯಲ್ಲಿ ಕೆಲವೊಮ್ಮೆ ಒಂದು ಮಗು ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಬಡಿಯುತ್ತಿರುತ್ತದೆ. ಹಾಡು ಓಡಿದರೆ ಬೆರಳುಗಳೂ ಓಡುತ್ತವೆ, ಹಾಡು ನಿಂತರೆ ಥಟ್ಟನೆ ನಿಲ್ಲುತ್ತವೆ. ಶಾಲೆಯಲ್ಲಿ ಆ ಮಗುವಿಗೆ ದಡ್ಡ ಎಂಬ ಹೆಸರು. ಕಣ್ಣು ಕಾಣದಿದ್ದರಂತೂ ‘ಪಾಪ, ಏನ್ ಮಾಡ್ತೈತಿ’ ಎಂದು ಊರೇ ಕೈಬಿಡುತ್ತದೆ. ಬೈಗುಳಕ್ಕಿಂತ ಈ ‘ಪಾಪ’ವೇ ಮಕ್ಕಳನ್ನು ಹೆಚ್ಚು ದೂರ ತಳ್ಳುತ್ತದೆ.

ಹಾಗೆ ಕೈಬಿಡದವರೂ ಇದೇ ನೆಲದಲ್ಲಿ ಇದ್ದರು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ದೃಷ್ಟಿ ಇರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಇರಲಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಹಾನಗಲ್ಲ ಮಠದ ಕುಮಾರಸ್ವಾಮಿಗಳು ಈ ಮಕ್ಕಳ ಕಂಠ ಗುರುತಿಸಿ ಸಂಗೀತ ಕಲಿಯಲು ಹಚ್ಚಿದರು. ಮೊದಲು ಕರ್ನಾಟಕ ಸಂಗೀತ, ಆಮೇಲೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಬಳಿ ಹಿಂದೂಸ್ತಾನಿ. ವೀರಶೈವ ಮಠದ ಹುಡುಗ ಮುಸ್ಲಿಂ ಉಸ್ತಾದರ ಮುಂದೆ ಕುಳಿತು ಕಲಿತ. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಅವರು ತಮ್ಮ ಹಾಡಿಗಷ್ಟೇ ಬದುಕಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಅದು ನಡೆದಾಡುವ ಸಂಗೀತ ಶಾಲೆ. ಜೋಳಿಗೆಗೆ ಬಿದ್ದದ್ದೇ ಊಟ. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯಾಯಿತು. ಹೀಗೆ ಸೇರಿದ ಮಕ್ಕಳಲ್ಲಿ ಒಬ್ಬ ದೇವಗಿರಿಯ ಪುಟ್ಟಯ್ಯ; ಕಣ್ಣು ಕಳೆದುಕೊಂಡಾಗ ಇನ್ನೂ ಎಳೆಯ. ಸೋದರಮಾವ ಅವನನ್ನು ಪಂಚಾಕ್ಷರಿ ಗವಾಯಿಗಳ ಕೈಗಿಟ್ಟರು. 1944ರಲ್ಲಿ ಗುರು ತೀರಿಕೊಂಡಾಗ ಆಶ್ರಮದ ಹೊಣೆ ಹೊತ್ತವರು ಆ ಪುಟ್ಟಯ್ಯನೇ, ಅಂದರೆ ಪುಟ್ಟರಾಜ ಗವಾಯಿಗಳು. ಹಾರ್ಮೋನಿಯಂ, ಸಾರಂಗಿ, ತಬಲಾ, ವಯೊಲಿನ್ ಎಲ್ಲವೂ ಅವರ ಕೈಗೆ ಒಗ್ಗಿದ್ದವು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಭಕ್ತರು ಮಾಡಿದ ತುಲಾಭಾರದ ಕಾಣಿಕೆ ಮಕ್ಕಳ ಅನ್ನಕ್ಕೆ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಇಲ್ಲವಾದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಪಂಚಾಕ್ಷರಿ ಗವಾಯಿಗಳ ಬಳಿ ಕಣ್ಣಿದ್ದ ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಕೂಡ ಕಲಿತರು. ಮುಂದೆ ಬಳ್ಳಾರಿ ಸೀಮೆಯ ಗಾಯಕ ಎಂ. ವೆಂಕಟೇಶ ಕುಮಾರ್ ಬಾಲಕನಾಗಿ ಬಂದು ಪುಟ್ಟರಾಜರ ಬಳಿ ಹನ್ನೆರಡು ವರ್ಷ ಉಳಿದರು. ಕಾಣುವವರು, ಕಾಣದವರು ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಶ್ರುತಿಗೆ ದನಿಗೂಡಿಸಿದರು. ಅಲ್ಲಿ ಯಾರ ಶ್ರುತಿ ಸೇರಿತು ಎಂಬುದೇ ಲೆಕ್ಕ.

ವರದಾ ದಂಡೆಯ ಹೊಸರಿತ್ತಿಗೂ ಅಂಕಗಳಾಚೆಗಿನ ಕಲಿಕೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಈ ಊರಿನಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ. ಅಂಕಪಟ್ಟಿಯಾಚೆಗೂ ಮಗುವಿದೆ ಎಂಬುದನ್ನು ಈ ಭಾಗದವರಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. ಆದರೂ ಇಂದು ನಮ್ಮ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪರ್ಸೆಂಟ್? ಅಕ್ಷರ ತಿರುವುಮುರುವಾಗಿ ಬರೆಯುವ ಮಗು ಸೋಮಾರಿ, ಒಂದೇ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗುವ ಮಗು ಹುಚ್ಚು. ಇದು ಅನ್ಯಾಯ.

ಕಾನೂನು ಮಕ್ಕಳ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದರಲ್ಲಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇಂಥ ಮಕ್ಕಳಿಗೆಂದೇ ತಾಲ್ಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರ ಹುದ್ದೆ ಇದೆ.

ನಿಮ್ಮ ಓಣಿಯಲ್ಲಿ ಬುಟ್ಟಿ ಬಡಿಯುವ ಅಂಥ ಮಗುವಿದ್ದರೆ ತಂದೆತಾಯಿಯ ಜೊತೆ ಮಾತಾಡಿ. ಅವರನ್ನು ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಕರೆದೊಯ್ದು ಬಿಐಇಆರ್‌ಟಿ ಯಾರೆಂದು ಕೇಳಿ. ತಡಮಾಡಬೇಡಿ.