ಸ್ಟಿಕ್ಕರಿನ ಟನ್ನು, ಪೈಪಿನ ದಮ್ಮು

ಅಡಿಕೆ ಬೇಯಿಸುವ ಕಾಲ ಬಂತೆಂದರೆ ಮಲೆನಾಡಿನಲ್ಲಿ ಸೌದೆಗೆ ಎಲ್ಲಿಲ್ಲದ ಗಿರಾಕಿ. ಕೊಡಲಿ ಹಿಡಿದ ನಾಲ್ಕು ಆಳು ದಿನವಿಡೀ ಬೆವರಿಳಿಸಿ ಒಡೆಯುತ್ತಿದ್ದುದನ್ನು ಈಗ ಹೈಡ್ರಾಲಿಕ್ ಮಿಷನ್ನು ನಿಂತಲ್ಲೇ ಸೀಳಿ ಹಾಕುತ್ತದೆ. ಸಂತೋಷ. ಆದರೆ ಮೊನ್ನೆ ಒಂದು ಸೌದೆ ಡಿಪೋದಲ್ಲಿ ಕಂಡದ್ದನ್ನು ಹೇಳದೆ ಇರಲಾಗದು.

ಗಂಟಿನ ಬೊಡ್ಡೆಯೊಂದು ಸೀಳಲಿಲ್ಲ. "ಇಪ್ಪತ್ತೈದು ಟನ್ ಅಂತ ಬರ್ದಿದೆಯಲ್ಲ ಮಾರಾಯ, ಯಾಕೆ ಸೀಳಲ್ಲ?" ಎಂದು ಮಾಲೀಕರು ಗುಡುಗಿದರು. ಆಳು ಸ್ಪ್ಯಾನರ್ ತಂದು ರಿಲೀಫ್ ವಾಲ್ವಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದ. ಮರುಗಳಿಗೆ ಪೈಪು ಪಟ್ಟೆಂದು ಒಡೆದು ಬಿಸಿ ಎಣ್ಣೆ ಆಳೆತ್ತರ ಚಿಮ್ಮಿತು. ಆಳು ಅತ್ತ ಮುಖ ತಿರುಗಿಸಿದ್ದ, ಕಣ್ಣು ಉಳಿಯಿತು.

"ಚೈನಾ ಮಾಲು ಸಾರ್, ಹಣೆಬರಹ ಇಷ್ಟೇ" ಎಂದರು ಮಾಲೀಕರು. ಆದರೆ ಒಡೆದ ಪೈಪು ಚೈನಾದ್ದಲ್ಲ ಸ್ವಾಮಿ, ನಮ್ಮೂರಿನಲ್ಲೇ ಕತ್ತರಿಸಿ ತುದಿ ಹಾಕಿಸಿದ್ದು!

ಲೆಕ್ಕ ಕಷ್ಟದ್ದೇನಲ್ಲ. ಆ ಮಿಷನ್ನಿನ ಸಿಲಿಂಡರಿನ ಒಳವ್ಯಾಸ 4 ಇಂಚು, ಅಂದರೆ ಹನ್ನೆರಡೂವರೆ ಚದರ ಇಂಚು. ಚದರ ಇಂಚಿಗೆ 2,500 ಪೌಂಡ್ ಒತ್ತಡ ಕೊಟ್ಟರೆ ಹುಟ್ಟುವ ಬಲ ಸುಮಾರು 14 ಟನ್. ಪಿ.ಎಸ್.ಐ. ಅನ್ನುವುದು ಈ ಒತ್ತಡವನ್ನೇ. ಇಪ್ಪತ್ತೈದು ಟನ್ ಬೇಕಾದರೆ 4,300ಕ್ಕೂ ಮೀರಬೇಕು. ಅರ್ಧ ಇಂಚಿನ, ಒಂದೇ ಪದರ ತಂತಿಬಲೆಯ ಹೋಸ್ ಪೈಪಿಗೆ 1ಎಸ್‌ಎನ್ ದರ್ಜೆಯಲ್ಲಿ ಇರುವ ಮಿತಿ 160 ಬಾರ್, ಅಂದರೆ ಸುಮಾರು 2,300 ಪಿ.ಎಸ್.ಐ. ಎರಡು ಪದರದ 2ಎಸ್‌ಎನ್ ಆದರೆ 275 ಬಾರ್, ಸುಮಾರು 4,000. ಸ್ಟಿಕ್ಕರು ಏನೇ ಹೇಳಲಿ, ಪಂಪು, ವಾಲ್ವು, ಸಿಲಿಂಡರು, ಪೈಪು ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಬಡವೋ ಅದರ ದಮ್ಮೇ ಇಡೀ ಮಿಷನ್ನಿನ ದಮ್ಮು. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಬಿಡಲೆಂದೇ ರಿಲೀಫ್ ವಾಲ್ವು ಇರುವುದು. ಅದನ್ನು ಬಿಗಿಯುವುದೆಂದರೆ ಕಾವಲುಗಾರನ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ.

ಯಾವ ದೇಶದ್ದು ಎಂದು ಕೇಳುವುದು ತಪ್ಪಲ್ಲ. ಪೊಟ್ಟಣ ಕಟ್ಟಿ ಚಿಲ್ಲರೆ ಮಾರುವ ವಿದೇಶಿ ಮಾಲಿನ ಮೇಲೆ ಮೂಲ ದೇಶದ ಹೆಸರಿರಬೇಕು ಎಂದು ಕಾನೂನು ಮಾಪನದ 2011ರ ಪ್ಯಾಕೇಜು ನಿಯಮಗಳೇ ಹೇಳುತ್ತವೆ. ಆದರೆ ಒಂದು ಮಿಷನ್ನಿನ ಪಂಪು ಒಂದು ದೇಶದ್ದು, ವಾಲ್ವು ಇನ್ನೊಂದರದ್ದು, ಚಾಸಿ ಮತ್ತೊಂದರದ್ದು ಇರಬಹುದು. ದೇಶದ ಹೆಸರೊಂದೇ ಒತ್ತಡ ತಡೆಯುವುದಿಲ್ಲ. ತಡೆಯುವುದು ಆ ಭಾಗಕ್ಕಿರುವ ದರ್ಜೆ.

ಅಂಗಡಿಯವರಲ್ಲಿ ನಮ್ಮ ಅರಿಕೆ ಇಷ್ಟೇ. ಒಳ್ಳೆಯ ಹೋಸ್ ಪೈಪಿನ ಮೈಮೇಲೆ ದರ್ಜೆ, ಅಳತೆ ಅಚ್ಚಾಗಿರುತ್ತದೆ. ಅದನ್ನು ಒತ್ತಡದ ಮಿತಿಯ ಸಮೇತ ಬಿಲ್ಲಿನಲ್ಲಿ ಬರೆದುಕೊಡಿ. ಅಚ್ಚೇ ಇಲ್ಲದ ಪೈಪನ್ನು "ನಡೀತದೆ ಬಿಡಿ" ಎಂದು ದಾಟಿಸಬೇಡಿ. ಕೊಳ್ಳುವವರೂ ಅಷ್ಟೆ, ಮೀಟರಿಗೆ ನೂರಿನ್ನೂರು ಉಳಿಸಲು ಹೋಗಬೇಡಿ.

ಮಿಷನ್ನಿನ ಮುಂದೆ ನಿಲ್ಲುವ ತಮ್ಮಂದಿರಿಗೊಂದು ಮಾತು. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಕೈಯಾಡಿಸಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಓಡಿ. ತಡಮಾಡಿದರೆ ಬೆರಳೇ ಹೋದೀತು.

ಸೌದೆ ಇವತ್ತಲ್ಲದಿದ್ದರೆ ನಾಳೆ ಸೀಳೀತು. ಹೋದ ಬೆರಳು ಯಾವ ದೇಶದಿಂದಲೂ ಬಾರದು.